ದನದ ದಲ್ಲಾಳಿಯ ಹೆಬ್ಬೆರಳು

ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಮತ್ತೆ ಮಾತು ತರಿಸುವ ಕೆಲಸದಲ್ಲಿ ನಾನು ಮೊದಲು ನೋಡುವುದು ಅವರ ಹೆಬ್ಬೆರಳನ್ನು. ಒಮ್ಮೆ ಶಸ್ತ್ರವೈದ್ಯರ ಮುಂದೆ ಈ ಮಾತು ಆಡಿದಾಗ ಅವರು, "ಗಂಟಲಾ ನಂದು, ಬೆರಳು ಎಲುಬಿನ ಡಾಕ್ಟರದು. ನಡುವ ನೀವೇನ್ ನೋಡತೀರಿ ಬಾಯಾರ?" ಎಂದು, ಮೇಡಂ ಎಂಬುದಕ್ಕೆ ನಮ್ಮ ಕಡೆ ಹೇಳುವ 'ಬಾಯಾರ' ಸೇರಿಸಿ, ಸುತ್ತಲಿದ್ದವರಿಗೂ ಕೇಳಿಸುವಂತೆ ನಕ್ಕರು. ಸುತ್ತಲಿದ್ದವರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ.

ನಾನು ಆಗ ಬೈಲಹೊಂಗಲದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ವಾಕ್ ಚಿಕಿತ್ಸೆಗೆ ಕೂರುತ್ತಿದ್ದೆ. ಸರಕಾರಿ ಕೆಲಸದಿಂದ ನಿವೃತ್ತಿಯಾಗಿತ್ತು. ಕೆಲಸದಿಂದ ನಿವೃತ್ತಿ ಆಗಿರಲಿಲ್ಲ. ಆಸ್ಪತ್ರೆಯ ಮುಂದಿನ ಫಲಕದಲ್ಲಿ ಎಲ್ಲ ವೈದ್ಯರ ಹೆಸರಿತ್ತು, ಎಕ್ಸ್-ರೇ ಯಂತ್ರದ ಹೆಸರೂ ಇತ್ತು, ನನ್ನದು ಇರಲಿಲ್ಲ. ಆದರೂ ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬಸ್ ಹಿಡಿದು ಬಂದವರು ಕೇಳಿ ಕೇಳಿ ನನ್ನ ಕೋಣೆಯನ್ನು ಪತ್ತೆ ಮಾಡುತ್ತಿದ್ದರು. ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಗಳನ್ನು ನಗರದಲ್ಲಿ ಮಾಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ತಮ್ಮ ರೋಗಿಗಳನ್ನು ನೋಡಲು ಈ ಆಸ್ಪತ್ರೆಗೆ ಬರುತ್ತಿದ್ದರು. ಅವರ ಕೈ ಒಳ್ಳೆಯದೆಂಬುದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಅವರು ಹಾಕಿದ ಹೊಲಿಗೆ ನಾನು ನೋಡಿದ್ದೇನೆ. ಅವರ ನಾಲಿಗೆಯ ವಿಷಯ ಬೇರೆ.

ಆ ವರ್ಷ ಅವರು ಸಂಗೊಳ್ಳಿ ಕಡೆಯ ಒಬ್ಬ ದನದ ದಲ್ಲಾಳಿಗೆ ಗಂಟಲಿನ ಕ್ಯಾನ್ಸರ್ ಎಂದು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದಿದ್ದರು. ದಲ್ಲಾಳಿ ಸಂತೆಯಿಂದ ಸಂತೆಗೆ ತಿರುಗಿ, ಎತ್ತು ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವ ಮನುಷ್ಯ. ಬೀಡಿಯನ್ನೂ ಮಾತನ್ನೂ ಒಟ್ಟಿಗೆ ಬಾಯಲ್ಲಿ ಇಟ್ಟುಕೊಂಡೇ ಬದುಕಿದವರು. ಅಂಥವರನ್ನು ಕತ್ತರಿ ಹಾಕುವ ಮೊದಲೇ ನನ್ನ ಬಳಿ ಕಳಿಸಬೇಕೆಂದು ನಾನು ಎರಡು ಸಲ ಹೇಳಿ ಕಳಿಸಿದ್ದೆ. ಮುಂದೆ ಏನಾಗುತ್ತದೆ, ಮಾತು ಹೇಗೆ ಹೋಗುತ್ತದೆ, ಹೇಗೆ ಬರುತ್ತದೆ ಎಂಬುದನ್ನು ಮಾತಿರುವಾಗಲೇ ತಿಳಿಸಬೇಕು. ಆಗ ರೋಗಿ ತಿರುಗಿ ಪ್ರಶ್ನೆ ಕೇಳಬಲ್ಲ. "ಮಾತ ಇನ್ನ ಐತಲ್ಲರಿ, ಈಗ್ಯಾಕ ನೀವು?" ಎಂಬ ಉತ್ತರ ಬಂದಿತ್ತು. ಅದರ ಬದಲು ಅವರು ದಲ್ಲಾಳಿಗೆ, ಒಳಗೆ ಒಂದು ವಸ್ತು ಕೂರಿಸುತ್ತೇವೆ, ಗಾಯ ಮಾಗಿದ ಮೇಲೆ ನೀವು ಮಾತಾಡುತ್ತೀರಿ ಎಂದಷ್ಟೇ ಹೇಳಿದ್ದರು.

ಆ ವಸ್ತು ಏನೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಧ್ವನಿಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಮುಂಭಾಗಕ್ಕೆ ಹೊಲಿಯುತ್ತಾರೆ. ಅಂದಿನಿಂದ ಉಸಿರು ಆ ರಂಧ್ರದ್ದು. ಮೂಗಿಗೂ ಬಾಯಿಗೂ ಅದರ ಸಂಬಂಧ ಮುಗಿಯಿತು. ಶ್ವಾಸನಾಳಕ್ಕೂ ಅದರ ಹಿಂದಿನ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ ಸಿಲಿಕೋನಿನ ಒಂದು ಕವಾಟ ಕೂರಿಸುತ್ತಾರೆ. ಅದು ಗಾಳಿಯನ್ನು ಹಿಂದಕ್ಕೆ ಬಿಡುತ್ತದೆ, ಅನ್ನ ನೀರನ್ನು ಮುಂದಕ್ಕೆ ಬಿಡುವುದಿಲ್ಲ. ಉಸಿರೆಳೆದುಕೊಂಡು, ಕುತ್ತಿಗೆಯ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ, ಗಾಳಿ ಕವಾಟದಲ್ಲಿ ಹಾಯ್ದು ಅನ್ನನಾಳದ ಮೇಲ್ಭಾಗವನ್ನು ನಡುಗಿಸುತ್ತದೆ. ಆ ನಡುಕವೇ ಹೊಸ ದನಿ. ತುಟಿ, ನಾಲಿಗೆ, ಹಲ್ಲು ಎಲ್ಲ ಹಳೆಯವೇ. ಅವು ದನಿಯನ್ನು ಮಾತು ಮಾಡುತ್ತವೆ. ಹೆಬ್ಬೆರಳು ಸಡಿಲಾದರೆ ಗಾಳಿ ಬದಿಯಿಂದ ಸೋರಿಹೋಗುತ್ತದೆ. ಬಿಗಿಯಾಗಿ ಒತ್ತಿದರೆ ಒಳಗಿನ ಮೆತ್ತನೆಯ ಗೋಡೆಗಳು ಒಂದಕ್ಕೊಂದು ಕೂಡಿಕೊಂಡು ದಾರಿಯೇ ಮುಚ್ಚುತ್ತದೆ. ಈಗ ಹೇಳಿ, ಬೆರಳು ಎಲುಬಿನ ವೈದ್ಯರ ಕೆಲಸವೇ?

ದಲ್ಲಾಳಿ ಯಜಮಾನರು ತಮ್ಮ ಮನೆಯಾಕೆಯ ಜೊತೆ ನನ್ನ ಕೋಣೆಗೆ ಬಂದವರೇ ಕುತ್ತಿಗೆಯ ಬಟ್ಟೆ ಸರಿಸಿ, ರಂಧ್ರ ತೋರಿಸಿ, ಕೈ ತಿರುವಿ ಏನೂ ಇಲ್ಲವೆಂಬ ಸನ್ನೆ ಮಾಡಿದರು. ತುಟಿಗಳು ಬಹಳ ಹೊತ್ತು ಅಲುಗಾಡಿದವು. ಮನೆಯಾಕೆ, "ಮಶೀನ ಕೆಟ್ಟೈತಿ, ಬದ್ಲಿ ಮಾಡಿ ಕೊಡ್ರಿ ಅಂತಾರ್ರಿ," ಎಂದರು. ಯಜಮಾನರು ಅಷ್ಟು ಚಿಕ್ಕದಾಗಿ ಹೇಳಿರಲಿಲ್ಲ ಎಂಬುದು ಅವರ ಮುಖದಿಂದಲೇ ತಿಳಿಯುತ್ತಿತ್ತು. ಬರೆದು ತೋರಿಸಿ ಎಂದು ಕಾಗದ ಕೊಟ್ಟರೆ ಮುಖ ತಿರುಗಿಸಿದರು. ಅವರು ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವರು. ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮನೆಯಾಕೆಗೆ ಅದೂ ಬರುತ್ತಿರಲಿಲ್ಲ. ನಗರದ ರೋಗಿಗಳು ಮಾತು ಬರುವ ತನಕ ಮೊಬೈಲಿನಲ್ಲಿ ಬರೆದು ತಳ್ಳುತ್ತಾರೆ. ಈ ಮನುಷ್ಯನಿಗೆ ಶಸ್ತ್ರಚಿಕಿತ್ಸೆಯ ಮೇಜಿನಿಂದ ಎದ್ದ ಮೇಲೆ ಉಳಿದದ್ದು ಅಂಕಿಗಳು ಮಾತ್ರ. ಮಾತು ಬಂದರೆ ಬಂತು. ಇಲ್ಲದಿದ್ದರೆ ಬಾಳೆಲ್ಲ ಮನೆಯಾಕೆ ಊಹಿಸಿದ್ದೇ ಅವರ ಮಾತು.

ನಾನು ಕ್ರಮ ಬಿಡಲಿಲ್ಲ. ಬ್ಯಾಟರಿಯ ಬೆಳಕಿನಲ್ಲಿ ಕವಾಟದ ಅಂಚು ನೋಡಿದೆ. ಗೋಡೆಗೆ ಸರಿಯಾಗಿ ಕೂತಿತ್ತು. ಸಣ್ಣ ಕುಂಚದಿಂದ ಒಳಗೆ ತೊಳೆದೆ. ಹಾಲು ಕುಡಿಸಿ ಮತ್ತೆ ನೋಡಿದೆ. ಒಂದು ಹನಿಯೂ ಮುಂದೆ ಬರಲಿಲ್ಲ. ಕವಾಟಕ್ಕೆ ಏನೂ ಆಗಿರಲಿಲ್ಲ. ಆಮೇಲೆ ಕೈಗವಸು ಹಾಕಿದ ನನ್ನ ಬೆರಳನ್ನು ರಂಧ್ರದ ಮೇಲೆ ಹಗುರವಾಗಿ ಇಟ್ಟು, ಉಸಿರು ತೆಗೆದುಕೊಂಡು 'ಆ' ಅನ್ನಿರಿ ಎಂದೆ.

ಬಂತು. ದಪ್ಪ, ಒರಟು, ಬಾವಿಯೊಳಗಿನಿಂದ ಬಂದಂಥ ದನಿ. ಮನೆಯಾಕೆ ಎದ್ದು ನಿಂತು, "ಇದು ಇವರ ದನಿ ಅಲ್ರೀ," ಎಂದರು. ಈಗ ಇದೇ ಅವರದು ಎಂದೆ. ಯಜಮಾನರು ನನ್ನ ಮಣಿಕಟ್ಟು ಹಿಡಿದುಕೊಂಡು ಮತ್ತೆ ಮತ್ತೆ 'ಆ' ಎಂದರು, ಹೆಂಡತಿಯ ಹೆಸರು ಕೂಗಿದರು, ಒಂದರಿಂದ ಹತ್ತರವರೆಗೆ ಎಣಿಸಿದರು. ನಾನು ಬೆರಳು ತೆಗೆದು, ಈಗ ನಿಮ್ಮ ಹೆಬ್ಬೆರಳು ಇಡಿರಿ ಎಂದೆ.

ಅವರು ಇಟ್ಟರು. ಮುಖ ಕೆಂಪಾಯಿತು, ಹಣೆಯ ನರ ಉಬ್ಬಿತು, ದನಿ ಬರಲಿಲ್ಲ. ಇನ್ನೂ ಒತ್ತಿದರು. ಬೆರಳು ತೆಗೆದಾಗ ರಂಧ್ರದ ಸುತ್ತ ಬಳೆಯ ಗುರುತಿನ ಹಾಗೆ ಕೆಂಪು ಗೆರೆ ಮೂಡಿತ್ತು.

ರೋಗ ಏನೆಂದು ನನಗೆ ಆ ಕ್ಷಣವೇ ತಿಳಿಯಿತು. ಅದಕ್ಕೆ ಜಾಣತನ ಬೇಕಿಲ್ಲ. ಮೊದಮೊದಲು ಎಲ್ಲರೂ ಒತ್ತುತ್ತಾರೆ. ಹಗುರ ಎಂದು ನಾಲ್ಕು ಸಲ ಹೇಳಿದರೆ ಬಹುಮಂದಿ ಸರಿಹೋಗುತ್ತಾರೆ. ಇವರು ಹೋಗಲಿಲ್ಲ. ಕನ್ನಡಿ ಹಿಡಿಸಿದೆ. ಎಡಗೈ ಪ್ರಯತ್ನಿಸಿದೆ. ಹೆಬ್ಬೆರಳು ಬಿಟ್ಟು ನಡುಬೆರಳು ಇಡಿಸಿದೆ. ಅದು ಹೆಬ್ಬೆರಳಿಗಿಂತ ಬಲವಾಗಿತ್ತು. ಬೆರಳಿಗೂ ರಂಧ್ರಕ್ಕೂ ನಡುವೆ ಸ್ಪಂಜಿನ ತುಂಡು ಇಟ್ಟು, ಅದು ಚಪ್ಪಟೆಯಾಗಬಾರದು ಎಂದೆ, ಚಪ್ಪಟೆಯಾಯಿತು. ಮಾಗಿದ ಟೊಮ್ಯಾಟೊ ತರಿಸಿ, ಒಡೆಯದಂತೆ ಅದುಮಿ ತೋರಿಸಿರಿ ಎಂದಾಗ ಮನೆಯಾಕೆ ತಮ್ಮ ಸೆರಗು ಒರೆಸಿಕೊಳ್ಳಬೇಕಾಯಿತು. ಹಗುರ ಎಂಬ ಮಾತಿಗೆ ಅವರು ಪ್ರತಿ ಸಲ ತಲೆಯಾಡಿಸುತ್ತಿದ್ದರು, ಪ್ರತಿ ಸಲ ಒತ್ತುತ್ತಿದ್ದರು. ಒಂದು ದಿನ ರಂಧ್ರದ ಅಂಚಿನಲ್ಲಿ ರಕ್ತ ಜಿನುಗಿತು. ಮುಂದಿನ ವಾರ ಅವರು ಬರಲಿಲ್ಲ.

ಅವರು ಬಂದದ್ದು ಶಸ್ತ್ರವೈದ್ಯರು ಬರುವ ದಿನ, ನೇರ ಅವರ ಕೋಣೆಗೆ. ಸುದ್ದಿ ಕೇಳಿ, ಯಾರೂ ಕರೆಯದಿದ್ದರೂ ನಾನು ಹೋದೆ. ಇದನ್ನು ತೆಗೆದುಬಿಡಿರಿ, ತೂತು ಮುಚ್ಚಲಿ, ಪ್ರತಿ ವಾರ ಹೋಗಿ ಬೈಸಿಕೊಳ್ಳುವುದು ಸಾಕಾಗಿದೆ ಎಂದು ಯಜಮಾನರು ಹೇಳುತ್ತಿದ್ದಾರೆಂದು ಮನೆಯಾಕೆ ತಿಳಿಸುತ್ತಿದ್ದರು. ಬೈಸಿಕೊಳ್ಳುವುದು ಎಂಬ ಪದ ಅವರದೋ ಆಕೆಯದೋ ನನಗೆ ತಿಳಿಯದು. ನಾನು ಯಾರನ್ನೂ ಬೈದಿಲ್ಲ.

ಶಸ್ತ್ರವೈದ್ಯರು, ಸ್ನಾಯು ಬಿಗಿದುಕೊಂಡಿದೆ, ಇದಕ್ಕೆ ಕಲಿಸಿ ಪ್ರಯೋಜನವಿಲ್ಲ ಎಂದರು. ನಾನು ಕೈಗವಸು ಹಾಕಿಕೊಂಡು ಯಜಮಾನರ ರಂಧ್ರ ಮುಚ್ಚಿ, ಊರಿನ ಹೆಸರು ಕೇಳಿದೆ. ಅವರು ಊರು, ತಾಲ್ಲೂಕು ಎರಡನ್ನೂ ಹೇಳಿದರು. ಬಿಗಿದ ಸ್ನಾಯು ಹೀಗೆ ಮಾತಾಡುವುದಿಲ್ಲ ಎಂದೆ. ಶಸ್ತ್ರವೈದ್ಯರು, "ಖರೆ ಐತಿ. ಆದರ ನಿಮ್ಮ ಬೆರಳು ಅವರ ಜೋಡಿ ಮನಿಗೆ ಹೋಗತೈತೇನ್ರಿ ಬಾಯಾರ?" ಎಂದರು.

ನನ್ನ ವೃತ್ತಿಯಲ್ಲಿ ಕೇಳಿದ ಅವಮಾನದ ಮಾತುಗಳಲ್ಲಿ ಇದೊಂದು ಸರಿಯಾದ ಪ್ರಶ್ನೆಯಾಗಿತ್ತು. ತಾವೇ ಬಳಸಲಾಗದ ಕವಾಟವನ್ನು ಒಳಗಿಟ್ಟುಕೊಂಡರೆ ಸೋಂಕು, ಸೋರಿಕೆ ಎಲ್ಲದರ ಅಪಾಯವೂ ಇದೆ, ಲಾಭ ಒಂದೂ ಇಲ್ಲ. ತೆಗೆದುಬಿಟ್ಟು, ಕುತ್ತಿಗೆಗೆ ಹಿಡಿದು ಮಾತಾಡುವ ಬ್ಯಾಟರಿ ಯಂತ್ರ ಕೊಡೋಣ ಎಂದು ಅವರು ಹೇಳಿದರು. ಆ ಯಂತ್ರದಿಂದ ಚೆನ್ನಾಗಿ ಮಾತಾಡುವವರನ್ನು ನಾನು ಬಲ್ಲೆ. ಆದರೆ ಈ ಯಜಮಾನರ ಕುತ್ತಿಗೆಯ ಚರ್ಮ ವಿಕಿರಣ ಚಿಕಿತ್ಸೆಯಿಂದ ಒಣತೊಗಲಿನಂತೆ ಗಡುಸಾಗಿತ್ತು. ಯಂತ್ರದ ಕಂಪನ ಅದನ್ನು ದಾಟುತ್ತಿರಲಿಲ್ಲ. ನಾನು ಪರೀಕ್ಷಿಸಿ ನೋಡಿದ್ದೆ. ಕವಾಟ ಹೋದರೆ ಮಾತು ಹೋಯಿತು. ಅದನ್ನು ಹೇಳಿದೆ. ಮುಂದಿನ ಭೇಟಿಯವರೆಗೆ ಬಿಡೋಣ, ಅಂದು ಅವರೇ ತಮ್ಮ ಬೆರಳಿಟ್ಟು ಮಾತಾಡದಿದ್ದರೆ ತೆಗೆಯುತ್ತೇನೆ ಎಂದು ಶಸ್ತ್ರವೈದ್ಯರು ಒಪ್ಪಿದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಈ ವಯಸ್ಸಿನ್ಯಾಗ ನೀವೂ ಇಷ್ಟ ಹಚಗೊಂಡ್ರ ಹೆಂಗರಿ," ಎಂದು ಸೇರಿಸಿದರು.

ನಾನು ಆಸ್ಪತ್ರೆಯಲ್ಲಿ ಕೂರುವ ಮುಂದಿನ ದಿನವೂ ಯಜಮಾನರು ಬರಲಿಲ್ಲ. ಅಂದು ನೇಸರಗಿಯ ಸಂತೆ, ಯಜಮಾನರು ಈಚೆಗೆ ಮತ್ತೆ ಸಂತೆಗೆ ಹೋಗತೊಡಗಿದ್ದಾರೆ ಎಂದು ಆಸ್ಪತ್ರೆಯ ಆಯಾ ಹೇಳಿದಳು. ಅಂದರೆ ಕಳೆದ ಸಲವೂ ಅವರು ತಪ್ಪಿಸಿದ್ದು ಸಂತೆಗಾಗಿಯೇ. ಮಾತಿಲ್ಲದ ದಲ್ಲಾಳಿಗೆ ಸಂತೆಯಲ್ಲಿ ಏನು ಕೆಲಸವೆಂದು ನನಗೆ ಅರ್ಥವಾಗಲಿಲ್ಲ. ರೋಗಿಯ ಬೆನ್ನುಹತ್ತಿ ಹೋಗುವ ಪದ್ಧತಿ ನನ್ನದಲ್ಲ. ಬಾರದವರಿಗೆ ಕಾಯುವುದೂ ಇಲ್ಲ. ಅಂದು ಮಾತ್ರ ಉಳಿದ ರೋಗಿಗಳನ್ನು ಬೇಗ ಮುಗಿಸಿ ನೇಸರಗಿಯ ಬಸ್ ಹತ್ತಿದೆ. ಯಾವ ಒಳ್ಳೆಯ ಉಪಾಯವೂ ನನ್ನ ತಲೆಯಲ್ಲಿ ಇರಲಿಲ್ಲ. ಸಿಟ್ಟು ಇತ್ತು.

ದನದ ಸಂತೆಯಲ್ಲಿ ಒಬ್ಬಾತ, "ಆಯಿ, ಎತ್ತ ಬೇಕೇನ?" ಎಂದು ಏಕವಚನದಲ್ಲಿ ಕೇಳಿದ. ಬೇಡವೆಂದೆ. ಧೂಳು ಎಷ್ಟಿತ್ತೆಂದರೆ, ಕುತ್ತಿಗೆಯಿಂದ ಉಸಿರಾಡುವ ಮನುಷ್ಯ ಇಲ್ಲಿ ನಿಲ್ಲಲೇಬಾರದು. ಕೊನೆಗೆ ಕಂಡರು. ಪುಣ್ಯಕ್ಕೆ ರಂಧ್ರದ ಮೇಲೆ ತೇವದ ಬಟ್ಟೆ ಕಟ್ಟಿಕೊಂಡಿದ್ದರು. ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹಾಕಿಕೊಂಡು, ಅದರೊಳಗೆ ಒಬ್ಬ ಗಿರಾಕಿಯ ಕೈ ಹಿಡಿದು ನಿಂತಿದ್ದರು.

ನಮ್ಮ ಕಡೆಯ ದನದ ಸಂತೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನು ಒಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಎಷ್ಟು ಎಂಬುದು ಅವರವರಿಗೆ ಗೊತ್ತು, ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಇದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಯಜಮಾನರ ಕೆಲಸ ಹೇಗೆ ನಡೆದಿದೆ ಎಂಬುದು ಆಗ ತಿಳಿಯಿತು. ಟವೆಲ್ ಎರಡು ಸಲ ಅಲುಗಿತು, ಗಿರಾಕಿ ತಲೆಯಾಡಿಸಿದ, ಬೆಲೆ ಕೂಡಿತು. ಆಮೇಲೆ ಗಿರಾಕಿ ಎತ್ತಿನ ಕೊಂಬಿನ ಮೇಲೆ ಕೈಯಿಟ್ಟು, ಇದು ಹಾಯುತ್ತದೆಯೇ, ನೊಗದ ಯಾವ ಬದಿಗೆ ಹೂಡಿ ರೂಢಿ ಎಂದು ಕೇಳಿದ. ಯಜಮಾನರ ತುಟಿ ಅಲುಗಾಡಿತು. ಪಕ್ಕದಲ್ಲಿದ್ದ ಮನೆಯಾಕೆ ಉತ್ತರ ಕೊಡಲು ಹೋದರೆ, ಎತ್ತಿನ ವಿಷಯ ನಿನಗೇನು ಗೊತ್ತು ಅಕ್ಕಾ ಎಂದು ತಡೆದ. ಮತ್ತೆ ಯಜಮಾನರ ಕಡೆ ತಿರುಗಿ ಕಾದ. 

"ನಿನ್ನ ಕೈ ರೇಟ್ ಹೇಳತೈತಿ ಮಾರಾಯಾ. ಎತ್ತಿನ ಗುಣಾ ಯಾರ್ ಹೇಳಬೇಕ? ಎತ್ತ ಹೇಳಬೇಕೇನ?"

ಸುತ್ತಲಿದ್ದವರು ನಕ್ಕರು. ಗಿರಾಕಿ ಕೈ ಕೊಡವಿ ಮುಂದಿನ ದಲ್ಲಾಳಿಯ ಕಡೆ ನಡೆದ.

ಎತ್ತಿನ ಒಡೆಯ, ವಯಸ್ಸಾದ ರೈತ, ವ್ಯಾಪಾರ ಮುರಿಯಿತೇ ಎಂದು ಗಾಬರಿಯಿಂದ ಬಂದ. ಯಜಮಾನರು ಟವೆಲಿನ ಅಂಚಿನಡಿ ಅವನ ಅಂಗೈಗೆ ಕೈ ತಾಗಿಸಿದರು. ರೈತ ಕೂಡಲೇ ತಣ್ಣಗಾಗಿ ಎತ್ತಿನ ಹತ್ತಿರ ಹೋಗಿ ನಿಂತ. ಗಿರಾಕಿಯ ಕೈ ಹಿಡಿದಾಗ ಯಜಮಾನರ ಮೊಳಕೈವರೆಗೆ ಬಿಗಿದಿದ್ದ ನರಗಳು ಈಗ ಸಡಿಲಾಗಿದ್ದವು. ನಾನು ಬೈಯಲೆಂದು ಬಂದದ್ದನ್ನು ಮರೆತೆ. ಅವನಿಗೆ ಏನು ಹೇಳಿದರೆಂದು ಮನೆಯಾಕೆಯನ್ನು ಕೇಳಿದೆ.

"'ನಾ ಅದೇನಿ, ನೀ ಸುಮ್ಮನಿರು' ಅಂತ್ರಿ. ತಮ್ಮ ಕಡೀದವರಿಗಷ್ಟ ಹಂಗ ಮುಟ್ಟತಾರ."

ಚಹಾದ ಅಂಗಡಿಯ ಹಿಂದೆ, ಧೂಳು ಕಡಿಮೆಯಿದ್ದ ಕಡೆ, ಅವರನ್ನು ಕೂರಿಸಿದೆ. ಟವೆಲ್ ಹಾಕಿಕೊಂಡು ನನ್ನ ಕೈ ಹಿಡಿಯಿರಿ, ಮೊದಲು ಗಿರಾಕಿಯ ಹಾಗೆ ಎಂದೆ. ಯಜಮಾನರು ಕೈ ಹಿಂದೆಗೆದರು. ಮನೆಯಾಕೆ, "ಅದರೊಳಗ ಹೆಂಗಸರು ಕೈ ಹಾಕೂದಿಲ್ರಿ ಬಾಯಾರ. ನಾನೂ ಒಂದಿನಾ ಹಾಕಿಲ್ಲ," ಎಂದರು. ನಾನು ನನ್ನ ಆಯುಷ್ಯವನ್ನೆಲ್ಲ ಗಂಡಸರ ಗಂಟಲಲ್ಲಿ ಕೈ ಹಾಕಿ ಕಳೆದಿದ್ದೇನೆ, ಟವೆಲ್ ಯಾವ ಲೆಕ್ಕ ಎಂದಾಗ ಯಜಮಾನರ ಭುಜಗಳು ನಗೆಯಿಂದ ಅಲುಗಿದವು. ದನಿಯಿಲ್ಲದ ನಗೆ. ಕೈ ಮುಂದೆ ಚಾಚಿದರು.

ಗಿರಾಕಿಯ ಹಿಡಿತದಲ್ಲಿ ನನ್ನ ಬೆರಳಿನ ಗೆಣ್ಣು ನೋಯಿತು. ಇಷ್ಟೇಕೆ ಬಿಗಿ ಎಂದು ಕೇಳಿದೆ. ಮನೆಯಾಕೆ ಅವರ ತುಟಿ ನೋಡಿ ಹೇಳಿದರು: "ಹಗರ ಹಿಡದ್ರ ಇವಂಗ ಗರಜ ಐತಿ ಅಂತ ಎದುರಿನ ಪಾರ್ಟಿ ತಿಳಕೋತಾರಂತ್ರಿ." ಹಗುರ, ಹಗುರ ಎಂದು ನಾನು ಇಷ್ಟು ವಾರ ಅವರಿಗೆ ಕಲಿಸಿದ್ದು ಗರಜಿನವನ, ಅಂದರೆ ಅಗತ್ಯಕ್ಕೆ ಸಿಕ್ಕಿ ಸೋಲುವವನ ಹಿಡಿತವನ್ನು. ಅವರು ತಲೆಯಾಡಿಸಿದ್ದು ಮರ್ಯಾದೆಗೆ.

ಈಗ ನಿಮ್ಮ ಕಡೆಯವರನ್ನು, ನಾನಿದ್ದೇನೆ ಎಂದು, ಮುಟ್ಟುವ ಹಾಗೆ ಮುಟ್ಟಿರಿ ಎಂದೆ. ಹೆಬ್ಬೆರಳಿನ ಮೆತ್ತೆ ನನ್ನ ಅಂಗೈಯಲ್ಲಿ ಕೂತಿತು. ಒತ್ತಡವಿಲ್ಲ, ಆದರೆ ಎಲ್ಲಿಯೂ ಸಂದಿಲ್ಲ. ಅಂಚಿನಿಂದ ಅಂಚಿಗೆ ಚರ್ಮಕ್ಕೆ ಚರ್ಮ ಕೂಡಿತ್ತು. ನಾನು ಪಾಠ ಹೇಳುವಾಗ ಬಾಯಿಮಾತಿನಲ್ಲಿ ವಿವರಿಸಲು ಹೆಣಗುವ ಸ್ಪರ್ಶ ಅದೇ.

ಸಂತೆಯ ಟವೆಲಿಗೆ ದನದ ಧೂಳೆಲ್ಲ ಹತ್ತಿತ್ತು. ಅದನ್ನು ಆ ರಂಧ್ರದ ಹತ್ತಿರ ತರಲು ನಾನು ಬಿಡುವವಳಲ್ಲ. ಬಾಟಲಿಯ ನೀರಿನಿಂದ ಅವರ ಕೈ ತೊಳೆಸಿದೆ. ಚೀಲದಲ್ಲಿದ್ದ ನನ್ನ ಒಗೆದ ಬಟ್ಟೆಯನ್ನು ಅವರ ಕುತ್ತಿಗೆಯ ಮುಂದೆ ಟವೆಲಿನಂತೆ ಇಳಿಬಿಟ್ಟು, ಕೈ ಅದರೊಳಗೆ ಹಾಕಲು ಹೇಳಿದೆ.

"ಕುತ್ತಿಗಿ ಎದುರಿನ ಪಾರ್ಟಿ ಅಲ್ಲ ಯಜಮಾನ್ರ. ಅದು ನಿಮ್ಮ ಕಡೀದು. ಅದಕ್ಕ ಹೇಳ್ರಿ, ನಾ ಅದೇನಿ ಅಂತ."

ಅವರು ಕಣ್ಣು ಮುಚ್ಚಿಕೊಂಡರು. ಮೊದಲ ಸಲ ಗಾಳಿ ಬದಿಯಿಂದ ಹಾರಿತು. ಎರಡನೆಯ ಸಲ ಹಳೆಯ ಅಭ್ಯಾಸ ಬಂದು ಒತ್ತಿದರು. ಆಮೇಲೆ ಬಟ್ಟೆ ಒಮ್ಮೆ ಅಲುಗಿ ನಿಂತಿತು, ದನಿ ಬಂತು. ಎಣಿಸಿರಿ ಎಂದೆ, ನನ್ನ ಕ್ರಮ ಅದು, ಅಂಕಿಯಿಂದ ಆರಂಭ. ಅವರು ಎಣಿಸಲಿಲ್ಲ. ಉಸಿರೆಳೆದು, ಬೆರಳಿಟ್ಟು, ನಿಧಾನವಾಗಿ, "ಎತ್ತ... ಹಾಯೂದಿಲ್ಲ," ಎಂದರು. ಮತ್ತೆ ಉಸಿರೆಳೆದು, "ಬಲಕ್ಕ ಹೂಡಬೇಕ," ಎಂದರು.

ಗಿರಾಕಿ ಯಾವಾಗಲೋ ಹೋಗಿಬಿಟ್ಟಿದ್ದ. ಎತ್ತಿನ ಒಡೆಯ ನಮ್ಮ ಹಿಂದೆಯೇ ಬಂದು ನಿಂತಿದ್ದವನು, "ನನಗ್ಯಾಕ ಹೇಳತಿಯೋ? ನನ್ನ ಎತ್ತ ನನಗ ಗೊತ್ತಿಲ್ಲೇನ?" ಎಂದ. ಮನೆಯಾಕೆ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಅತ್ತರು.

ಒಂದು ಸಲ ಬಂದ ಮಾತು ನೆಲೆ ನಿಂತಿತೆಂದು ತಿಳಿಯಬೇಡಿರಿ ಎಂದು ನಾನು ಬಸ್ ಹತ್ತುವಾಗಲೇ ಎಚ್ಚರಿಸಿದೆ. ಶಸ್ತ್ರವೈದ್ಯರ ಭೇಟಿಗೆ ಉಳಿದಿದ್ದ ದಿನಗಳಲ್ಲಿ ಅವರು ನನ್ನ ಮನೆಗೇ ಬರತೊಡಗಿದರು. ಮೊದಲ ತೊಡಕು ಬಟ್ಟೆಯದು: ಮರೆ ಇದ್ದರೆ ಮಾತ್ರ ಬೆರಳು ಸಡಿಲಾಗುತ್ತಿತ್ತು. ದಿನದಿನಕ್ಕೆ ಬಟ್ಟೆಯನ್ನು ಸ್ವಲ್ಪ ಸ್ವಲ್ಪ ಮೇಲೆತ್ತಿ, ಕೊನೆಗೆ ತೆಗೆದೆ. ಎರಡನೆಯದು ಉಸಿರು. ಒಂದೇ ಉಸಿರಿನಲ್ಲಿ ಇಡೀ ಕತೆ ಹೇಳಲು ಹೋಗಿ ನಡುವೆ ದನಿ ಕುಸಿಯುತ್ತಿತ್ತು. ನಾಲ್ಕೈದು ಪದಕ್ಕೆ ಬೆರಳೆತ್ತಿ ಉಸಿರು ತೆಗೆದುಕೊಳ್ಳಬೇಕು, ಕೇಳುವವರು ಕಾಯುತ್ತಾರೆ ಎಂದೆ. ಯಾರೂ ಕಾಯುವುದಿಲ್ಲವೆಂದು ಅವರು ವಾದಿಸಿದರು. ವಾದಿಸುವಷ್ಟು ಮಾತು ಬಂದಿತ್ತು. ಮೂರನೆಯದು ಕಠಿಣವಾದದ್ದು: ಸಿಟ್ಟು ಬಂದರೆ, ಹೆದರಿಕೆಯಾದರೆ, ಎದುರಿಗೆ ದೊಡ್ಡ ಮನುಷ್ಯ ಕುಳಿತರೆ ಹೆಬ್ಬೆರಳು ಮತ್ತೆ ಗಿರಾಕಿಯ ಹಿಡಿತಕ್ಕೆ ತಿರುಗುತ್ತಿತ್ತು. ಇದಕ್ಕೆ ನನ್ನ ಬಳಿ ಔಷಧ ಇರಲಿಲ್ಲ. ಭೇಟಿಗೆ ಎರಡು ದಿನ ಇರುವಾಗ ಚಹಾ ಕುಡಿದರೆ ಕೆಮ್ಮು ಬರತೊಡಗಿತು. ನೋಡಿದರೆ ಕವಾಟದ ರೆಪ್ಪೆಯ ಮೇಲೆ ಬಿಳಿಯ ಬೂಜು. ಸೋರುವ ಕವಾಟವನ್ನು ನೋಡಿದ ಶಸ್ತ್ರವೈದ್ಯರು ತೆಗೆಯಲು ಬೇರೆ ಕಾರಣ ಹುಡುಕಬೇಕಿರಲಿಲ್ಲ. ಬೂಜಿನ ಔಷಧವನ್ನು ಬಾಯಲ್ಲಿ ಮುಕ್ಕಳಿಸಲು, ಊಟವಾದ ಪ್ರತಿ ಸಲ ಕುಂಚದಿಂದ ತಿರುಗಿಸಿ ತೊಳೆಯಲು ಕಲಿಸಿದೆ. ಹಾಲು ಕುಡಿಸಿ ನೋಡಿದೆ. ಸೋರಿಕೆ ನಿಂತಿತ್ತು.

ಭೇಟಿಯ ದಿನ ಶಸ್ತ್ರವೈದ್ಯರು ಹಾಲಿನ ಪರೀಕ್ಷೆಯನ್ನು ತಾವೇ ಮಾಡಿ ತೃಪ್ತರಾದರು. ಆಮೇಲೆ ಕುರ್ಚಿಗೆ ಒರಗಿ, ಮಾತಾಡಿ ತೋರಿಸಿರಿ ಎಂದರು.

ಯಜಮಾನರು ಉಸಿರೆಳೆದರು, ಬೆರಳಿಟ್ಟರು. ದನಿ ಬರಲಿಲ್ಲ. ನಾನು ಹೆದರಿದ್ದು ಇದಕ್ಕೇ. ಬಿಳಿ ಕೋಟಿನ ಮನುಷ್ಯ, ಮೇಜಿನ ಮೇಲೆ ಕಬ್ಬಿಣದ ತಟ್ಟೆ, ತಟ್ಟೆಯಲ್ಲಿ ಚಿಮಟ. ಇದಕ್ಕಿಂತ ದೊಡ್ಡ ಎದುರಿನ ಪಾರ್ಟಿ ಯಾವುದು? ಉಗುರು ಬೆಳ್ಳಗಾಗುವಂತೆ ಒತ್ತಿದರು. ಹಣೆಯ ನರ ಉಬ್ಬಿತು. ಶಸ್ತ್ರವೈದ್ಯರು ಕಾದರು, ಗಡಿಯಾರ ನೋಡಿದರು, ಮತ್ತೆ ಕಾದರು. ನಾನು ಹಗುರ ಎಂದು ಹೇಳಲು ಬಾಯಿ ತೆರೆದು ಸುಮ್ಮನಾದೆ. ಆ ಪದ ಅವರಿಗೆ ಎಂದೂ ಉಪಕಾರ ಮಾಡಿರಲಿಲ್ಲ. ಶಸ್ತ್ರವೈದ್ಯರು ಚಿಮಟ ಕೈಗೆತ್ತಿಕೊಂಡು, "ಹೋಗ್ಲಿ ಬಿಡ್ರಿ, ನೋವ ಆಗೂದಿಲ್ಲ," ಎಂದರು.

ಆಗ ಮನೆಯಾಕೆ ಎದ್ದರು.  ತೊಡೆಯ ಮೇಲಿದ್ದ ಯಜಮಾನರ ಎಡಗೈಯ ಮೇಲೆ ತಮ್ಮ ಸೆರಗಿನ ತುದಿ ಹಾಕಿ, ಅದರಡಿ ಅವರ ಅಂಗೈಗೆ ಕೈ ಸೇರಿಸಿದರು. ಆಕೆಯ ಬೆರಳು ಏನು ಮಾಡಿತೆಂದು ನನಗೆ ಕಾಣಲಿಲ್ಲ. ನನಗೆ ಕಂಡದ್ದು ಯಜಮಾನರ ಬಲಗೈಯ ಹೆಬ್ಬೆರಳು. ಉಗುರಿಗೆ ಬಣ್ಣ ಮರಳಿತು.

"ತಗೀಬ್ಯಾಡ್ರಿ," ಎಂದರು ಯಜಮಾನರು.

ಚಿಮಟ ತಟ್ಟೆಗೆ ಇಳಿಯಿತು. ಶಸ್ತ್ರವೈದ್ಯರು ಮುಂದೆ ಬಾಗಿ, ಇನ್ನೊಮ್ಮೆ ಎಂದರು. ಇನ್ನೊಮ್ಮೆ ಬಂತು, ಮೊದಲಿಗಿಂತ ಗಟ್ಟಿಯಾಗಿ. ಶಸ್ತ್ರವೈದ್ಯರ ಮುಖದಲ್ಲಿ ಮೂಡಿದ ಸಂತೋಷ ನಿಜವಾದದ್ದು, ಅದನ್ನು ನಾನು ಬರೆಯಲೇಬೇಕು. "ಭಾಳ ಛಲೋ ಆತು. ಸ್ನಾಯು ತಾನ ಸಡ್ಲಾಗಿರಬೇಕು," ಎಂದು ನನ್ನ ಕಡೆ ನೋಡಿ ಹೇಳಿದ್ದನ್ನೂ ಬರೆಯಬೇಕು.  

ನೋವು ಇದೆಯೇ, ನುಂಗಲು ತೊಂದರೆಯೇ ಎಂದು ಶಸ್ತ್ರವೈದ್ಯರು ಎಂದಿನಂತೆ ಮನೆಯಾಕೆಯನ್ನು ಕೇಳಿದರು. ಆಕೆ ಉತ್ತರಿಸಲು ಬಾಯಿ ತೆರೆದಾಗ ಯಜಮಾನರು ಎಡಗೈ ಎತ್ತಿ ತಡೆದರು. ತಾವೇ ಆರಂಭಿಸಿದರು. ಎಡ ಭುಜ ಮೇಲೇಳುವುದಿಲ್ಲ ಎಂದರು. ಬೆರಳೆತ್ತಿ ಉಸಿರು ತೆಗೆದುಕೊಂಡರು. ವಾಸನೆ ತಿಳಿಯುವುದಿಲ್ಲ, ಮೇವು ಹಸಿಯೋ ಒಣಗಿದ್ದೋ ಎಂದು ಮೂಗಿನಿಂದ ಗೊತ್ತಾಗುವುದಿಲ್ಲ ಎಂದರು. ಉಸಿರು. ಶಸ್ತ್ರಚಿಕಿತ್ಸೆಯಾದ ರಾತ್ರಿ ನೀರು ಕೇಳಿದೆ, ಯಾರಿಗೂ ತಿಳಿಯಲಿಲ್ಲ ಎಂದರು. ಉಸಿರು. ಪ್ರತಿ ಮಾತಿಗೂ ಹೆಬ್ಬೆರಳು ಬಂದು ಕೂತು, ಎದ್ದು, ಮತ್ತೆ ಬಂದು ಕೂತಿತು. ಶಸ್ತ್ರವೈದ್ಯರು ಮೊದಲೆರಡು ಸಲ ಆ ಉಸಿರಿನ ಬಿಡುವಿನಲ್ಲಿ ಮಾತು ಮುಗಿಯಿತೆಂದು ಎದ್ದರು, ಮುಗಿದಿಲ್ಲವೆಂದು ತಿಳಿದು ಕುಳಿತರು. ಮೂರನೆಯ ಸಲದಿಂದ ಏಳಲಿಲ್ಲ.

ಹೊರಗೆ ಸವದತ್ತಿಯ ಬಸ್ಸಿಗೆ ಹೊತ್ತಾಯಿತೆಂದು ಯಾರೋ ಗೊಣಗುತ್ತಿದ್ದರು. ಆಯಾ ಬಾಗಿಲು ತೆರೆದು ಮುಂದಿನವರನ್ನು ಕಳಿಸಲೇ ಎಂದು ಕೇಳಿದಳು. ಯಜಮಾನರು ಅವಳ ಕಡೆ ತಿರುಗಿ ಉಸಿರೆಳೆದುಕೊಂಡರು.

"ತಡೀವಾ. ನಂದಿನ್ನ ಮುಗದಿಲ್ಲ."